ಮಾಡದ ಸಾಲ

ಸಾಲ ಮಾಡಿದವನಿಗೆ ಸಾಲ ಮಾಡಿದ ಸುಖವಾದರೂ ಇರುತ್ತದೆ. ಆ ದುಡ್ಡಿನಲ್ಲಿ ಮಗಳ ಮದುವೆ ಆಗಿರುತ್ತದೆ, ಮನೆಗೆ ಒಂದು ಸ್ಕೂಟರ್ ಬಂದಿರುತ್ತದೆ, ಏನೂ ಇಲ್ಲವೆಂದರೆ ಗೆಳೆಯರನ್ನು ಕಟ್ಟಿಕೊಂಡು ನಾಲ್ಕು ದಿನ ಗೋವೆಯಲ್ಲಿ ಮೆರೆದ ನೆನಪು ಉಳಿದಿರುತ್ತದೆ. ವಸೂಲಿಯವನು ಮುಂಬಾಗಿಲು ಬಡಿದಾಗ ಆ ನೆನಪಿನ ಬಲದ ಮೇಲೆಯೇ ಹಿತ್ತಿಲ ಬಾಗಿಲಿನಿಂದ ಪಾರಾಗಬಹುದು. ಮಾಡದ ಸಾಲಕ್ಕೆ ಇಂಥ ಯಾವ ಸೌಲಭ್ಯವೂ ಇಲ್ಲ. ಉಂಡು ಹೋದವರು ಯಾರೋ, ಎಲೆ ಎತ್ತುವ ಸರದಿ ನಮ್ಮದು.

ಅಂಥದೊಂದು ಸಾಲ ನನಗೆ ಸೂರತ್ತಿನ ಕತಾರ್‌ಗಾಮಿನಲ್ಲಿ ಟಪಾಲಿನ ಮೂಲಕ ಬಂತು. ಧಾರವಾಡದಲ್ಲಿ ಹೈಸ್ಕೂಲು ಹುಡುಗರಿಗೆ ಇತಿಹಾಸ ಹೇಳಿ ನಿವೃತ್ತನಾದ ಮೇಲೆ ನಾವಿಬ್ಬರೂ ಮಗನ ಹತ್ತಿರ ಇಲ್ಲಿಗೆ ಬಂದೆವು. ಅವನು ವಜ್ರ ಕೊರೆಯುವ ಲೇಸರ್ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸದಲ್ಲಿದ್ದಾನೆ. ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತು ಸೂರತ್ತಿನಲ್ಲೇ ಹೊಳಪು ಪಡೆಯುತ್ತವೆ ಎನ್ನುವುದು ಇಲ್ಲಿಯ ಮಂದಿಯ ಬಾಯಲ್ಲಿ ಸದಾ ಇರುವ ಮಾತು. ಅದರಲ್ಲಿ ದೊಡ್ಡ ಪಾಲು ಕತಾರ್‌ಗಾಮ್, ವರಾಛಾ ಕಡೆಯ ಕಾರ್ಖಾನೆಗಳದು. ಇಷ್ಟು ವಜ್ರಗಳ ನಡುವೆ ಮನೆ ಮಾಡಿಕೊಂಡಿದ್ದರೂ ನಾನು ದಿನಾ ಕಾಣುವ ವಜ್ರವೆಂದರೆ ನನ್ನ ಹೆಂಡತಿಯ ಮೂಗುಬೊಟ್ಟಿನದು. ಅದೂ ಅವಳ ತವರಿನವರು ಕೊಟ್ಟದ್ದು.

ವಜ್ರ ಬರುವ ಮೊದಲು ಈ ಊರು ಪಾಪ್ಡಿಗೆ ಹೆಸರಾಗಿತ್ತು. ಪಾಪ್ಡಿ ಎಂದರೆ ನಮ್ಮ ಅವರೆಯ ಜಾತಿಯ ಕಾಯಿ. ಚಳಿಗಾಲದಲ್ಲಿ ಉಂಧಿಯು ಎಂಬ ಪಲ್ಯ ಮಾಡುವ ಸೂರತ್ತಿನ ಮನೆಗಳಿಗೆ ಕತಾರ್‌ಗಾಮಿನ ಪಾಪ್ಡಿಯೇ ಆಗಬೇಕು. ಊರು ಬೆಳೆದು ಹೊಲಗಳ ಮೇಲೆಲ್ಲ ಕಾರ್ಖಾನೆಗಳೂ ಸೊಸೈಟಿಗಳೂ ಎದ್ದಿವೆ. ಆದರೂ ಗಾಡಿಯವನು ‘ಕತಾರ್‌ಗಾಮ್‌ನಿ ಪಾಪ್ಡಿ’ ಎಂದೇ ಕೂಗುತ್ತಾನೆ. ಯಾವ ಹೊಲದ್ದಪ್ಪಾ, ತೋರಿಸು ಎಂದು ಯಾರೂ ಕೇಳುವುದಿಲ್ಲ. ನನ್ನ ಹೆಂಡತಿಯೂ ದರ ಕೇಳುತ್ತಾಳೆಯೇ ಹೊರತು ಹೊಲ ಕೇಳುವುದಿಲ್ಲ. ಹೇಳಿದ ಮಾತನ್ನೇ ಪುರಾವೆಯೆಂದು ಒಪ್ಪಿಕೊಳ್ಳುವ ಈ ಔದಾರ್ಯ ತರಕಾರಿಗೆ ಸರಿ. ನನಗೆ ಕಾಗದ ಬರೆದವರು ತಮಗೂ ಅದೇ ಔದಾರ್ಯ ಸಿಗಲೆಂದು ಬಯಸಿದ್ದರು.

ಕಾಗದ ಇಂಗ್ಲಿಷಿನಲ್ಲಿತ್ತು. ಮೇಲೆ ಉತ್ತರದ ಯಾವುದೋ ಊರಿನ ವಕೀಲರ ಹೆಸರು, ಪಕ್ಕದಲ್ಲಿ ತಕ್ಕಡಿಯ ಚಿತ್ರ, ಅದರ ಕೆಳಗೆ ಕೆಂಪಕ್ಷರದಲ್ಲಿ ‘ಅಂತಿಮ ಸೂಚನೆ’. ಮೊದಲಿನ ಸೂಚನೆ, ನಡುವಿನ ಸೂಚನೆ ಯಾವುದೂ ಬಂದಿರಲಿಲ್ಲ. 2014ರಲ್ಲಿ ನಾನು ಬೆಂಗಳೂರಿನ ಒಂದು ಹಣಕಾಸು ಕಂಪನಿಯಿಂದ 18,500 ರೂಪಾಯಿ ಸಾಲ ಎತ್ತಿದ್ದೆನಂತೆ. ಆ ಕಂಪನಿ ನನ್ನ ಸಾಲವನ್ನು ಇನ್ನೊಂದು ಕಂಪನಿಗೆ ಮಾರಿತ್ತಂತೆ. ಬಡ್ಡಿ, ದಂಡ, ವಸೂಲಿ ಖರ್ಚು ಎಲ್ಲ ಕೂಡಿ 61,340 ರೂಪಾಯಿ. ಏಳು ದಿನದೊಳಗೆ ಕಟ್ಟದಿದ್ದರೆ ದಿವಾಣಿ ಮತ್ತು ಫೌಜದಾರಿ ಎರಡೂ ಬಗೆಯ ಕ್ರಮ.

ಹೆಂಡತಿ ಕಾಗದವನ್ನು ಎರಡು ಸಲ ಓದಿಸಿಕೊಂಡಳು.

“ಹದಿನೆಂಟೂವರಿ ಸಾವಿರ! 2014ರಾಗ ನನಗ ಒಂದ್ ಇಳಕಲ್ ಸೀರಿ ಸುದ್ದ ತಂದಿಲ್ಲ ನೀವು. ಆ ರೊಕ್ಕ ಎಲ್ಲಿ ಹೋತು?”

“ನಾ ತೊಗೊಂಡೇ ಇಲ್ಲಲೇ ಮಾರಾಯ್ತಿ.”

“ತೊಗೊಂಡಿಲ್ಲಂದ್ರ ಹೆಸರು ಬರದು ಮನೀಗೆ ಹೆಂಗ ಕಳಸ್ತಾರ?”

ಟ್ರಂಕಿನ ತಳದಿಂದ ಸಿಂಡಿಕೇಟ್ ಬ್ಯಾಂಕಿನ ಪಾಸ್‌ಬುಕ್ಕು ಹೊರಬಂತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಪಿಗ್ಮಿ ಠೇವಣಿಯೆಂದು ದಿನಾ ಚಿಲ್ಲರೆ ಕಾಸು ಕೂಡಿಸಿ ದೊಡ್ಡದಾದ ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಬ್ಯಾಂಕು ಹೋದರೂ ಪಾಸ್‌ಬುಕ್ಕು ನಮ್ಮ ಮನೆಯಲ್ಲಿ ಉಳಿದಿದೆ. ಹೆಂಡತಿ ಕನ್ನಡಕ ಏರಿಸಿ 2014ರ ಪ್ರತಿ ಸಾಲಿನ ಮೇಲೂ ಬೆರಳಾಡಿಸಿದಳು. ಸಂಬಳ, ಗ್ಯಾಸು, ಮಗನ ಕಾಲೇಜಿನ ಫೀ. ಹದಿನೆಂಟೂವರೆ ಸಾವಿರ ಎಲ್ಲೂ ಕಾಣಲಿಲ್ಲ. ಆದರೆ ಆಗಸ್ಟಿನಲ್ಲಿ ಯಾರಿಗೋ ಮೂರು ಸಾವಿರ ಕೈಗಡ ಕೊಟ್ಟದ್ದು ಕಂಡಿತು. ಆ ವಿಷಯ ಇಲ್ಲಿ ಬೇಡ.

ಆಮೇಲೆ ಅವಳು ಹೇಳಿದ ಮಾತೇ ಈ ಕಾಗದಗಳ ವ್ಯಾಪಾರದ ಗುಟ್ಟು. “ಕೊಟ್ಟು ಕೈ ತೊಳ್ಕೊಂಡ್ ಬಿಡ್ರಿ. ಸೊಸೈಟಿಯೊಳಗ ಮಂದಿ ಏನಂದಾರು?”

ಮರ್ಯಾದೆಸ್ಥರ ಮನೆಯಲ್ಲಿ ಸಾಲ ಎಂಬ ಮಾತು ದೊಡ್ಡ ದನಿಯಲ್ಲಿ ಬರಬಾರದು. ಆ ಕೆಂಪಕ್ಷರ ಅಚ್ಚಾಗುವುದು ನ್ಯಾಯಾಧೀಶರಿಗಾಗಿ ಅಲ್ಲ, ಲಕೋಟೆ ಕೈಯಲ್ಲಿ ಹಿಡಿದುಕೊಂಡು ಮೇಲೆ ಬರುವ ವಾಚ್‌ಮನ್‌ಗಾಗಿ. ಮೊತ್ತವನ್ನೂ ನೋಡಿ. ಆರು ಲಕ್ಷವಾಗಿದ್ದರೆ ಯಾರಾದರೂ ವಕೀಲರ ಮನೆಗೆ ಓಡುತ್ತಾರೆ. ಅರವತ್ತು ಸಾವಿರಕ್ಕೆ ವಕೀಲರಿಗೆ ಕೊಡುವ ಫೀಯನ್ನೂ ಕೆಡುವ ನಿದ್ದೆಯನ್ನೂ ಲೆಕ್ಕ ಹಾಕಿ, ಚೌಕಾಸಿ ಮಾಡಿ, ಅರ್ಧಕ್ಕೆ ಮುಗಿಸಿಕೊಳ್ಳುವವರೇ ಹೆಚ್ಚು. ಬ್ಯಾಂಕುಗಳು ಬಾರದ ಸಾಲಗಳನ್ನು ಮಾರುವುದು ಕಾನೂನಿನ ಪ್ರಕಾರವೇ ನಡೆಯುತ್ತದೆ. 2002ರ ಸರ್ಫೇಸಿ ಕಾಯಿದೆಯ ನಂತರ ಅದಕ್ಕೆಂದೇ ಕಂಪನಿಗಳು ಹುಟ್ಟಿವೆ. ಸಾವಿರಾರು ಸಾಲಗಳು ಒಂದೇ ಗಂಟಿನಲ್ಲಿ, ಮುಖಬೆಲೆಗಿಂತ ಎಷ್ಟೋ ಕಡಿಮೆಗೆ ಕೈ ಬದಲಾಯಿಸುತ್ತವೆ. ಕೊಂಡವನ ಕೈಗೆ ಬರುವುದು ಉದ್ದನೆಯ ಒಂದು ಯಾದಿ. ಅದರಲ್ಲಿ ಒಂದು ಹೆಸರು, ಒಂದು ಮೊತ್ತ. ಆ ಹೆಸರಿನವನು ಈಗ ಎಲ್ಲಿದ್ದಾನೆ ಎಂದು ಹುಡುಕುವುದಕ್ಕೆ ಇನ್ನೊಬ್ಬ ಗುತ್ತಿಗೆದಾರ. ಅವನು ಹುಡುಕಿ ತೆಗೆದದ್ದು ನನ್ನನ್ನು.

ನನ್ನನ್ನೇ ಏಕೆ ಎಂಬುದನ್ನು ಮಗ ಸಂಜೆ ಬಂದು ಬಿಡಿಸಿದ. ಕಾಗದದಲ್ಲಿ ಪ್ಯಾನ್ ಸಂಖ್ಯೆಯ ಮೊದಲ ಐದು ಅಕ್ಷರ ಬಿಟ್ಟು ಉಳಿದದ್ದಕ್ಕೆ ಚುಕ್ಕೆ ಇಟ್ಟಿದ್ದರು. ಪ್ಯಾನ್‌ನ ನಾಲ್ಕನೆಯ ಅಕ್ಷರ ‘ಪಿ’ ಇದ್ದರೆ ಅದು ವ್ಯಕ್ತಿಯದು, ಐದನೆಯದು ಅವನ ಅಡ್ಡಹೆಸರಿನ ಮೊದಲ ಅಕ್ಷರ. ನನ್ನದು ‘ಕೆ’. ಅಲ್ಲಿದ್ದದ್ದು ‘ಎಸ್’. ಕಾಗದದ ಮೇಲೆ ನನ್ನ ಹೆಸರೊಂದೇ ಇತ್ತು, ಅಡ್ಡಹೆಸರಿರಲಿಲ್ಲ. ನಮ್ಮ ಧಾರವಾಡದ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಹೀಗೆ ಮೂರು ಅಂಕಣ. ಗುಜರಾತಿನಲ್ಲೂ ಇದೇ ಪದ್ಧತಿ, ಹಾಗಾಗಿ ನಮಗೆ ಇಲ್ಲಿ ಅರ್ಜಿ ತುಂಬುವುದು ಕಷ್ಟವಾಗಲಿಲ್ಲ. ಹಳೇ ಮೈಸೂರಿನ ಕಡೆಯವರು ಒಂದು ಹೆಸರಿಗೆ ಒಂದೆರಡು ಇನಿಷಿಯಲ್ ಅಂಟಿಸಿಕೊಂಡು ಹಾಯಾಗಿರುತ್ತಾರೆ. ಪ್ಯಾನ್ ಅರ್ಜಿಯವರು ಆ ಇನಿಷಿಯಲ್ಲನ್ನೇ ಬಿಡಿಸಿ ಅಡ್ಡಹೆಸರಿನ ಜಾಗದಲ್ಲಿ ಕೂರಿಸುತ್ತಾರೆ. ಅಂದಮೇಲೆ ಆ ಕಡೆ ಎಲ್ಲೋ ನನ್ನದೇ ಹೆಸರಿನ ಒಬ್ಬ ಮಹಾಶಯ, ತಂದೆ ಶಿವಣ್ಣನೋ ಸುಬ್ಬರಾಯನೋ, 2014ರಲ್ಲಿ ಹದಿನೆಂಟೂವರೆ ಸಾವಿರ ಪಡೆದು ಆರಾಮವಾಗಿದ್ದಾನೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನಿಗೆ ಅದು ಏತಕ್ಕೆ ಬೇಕಾಗಿತ್ತೋ.

ನಮ್ಮ ಸೊಸೈಟಿಯ ಗೇಟಿನ ಬಳಿಯ ಬಾಂಕಡೊ ಎಂಬ ಬೆಂಚಿನ ಮೇಲೆ ಸಂಜೆ ಕೂರುವ ಕಾಕಾ ಒಬ್ಬರಿದ್ದಾರೆ. ಕಾಠಿಯಾವಾಡದ ಅಮ್ರೇಲಿ ಕಡೆಯವರು. ಮೀಸೆ ಮೂಡುವ ಮೊದಲೇ ಸೂರತ್ತಿಗೆ ಬಂದು ಘಂಟಿಯ ಮುಂದೆ ಕೂತವರು. ಘಂಟಿ ಎಂದರೆ ವಜ್ರ ಉಜ್ಜುವ ಚಕ್ರ. ಈಗ ದಲಾಲಿ ಮಾಡುತ್ತಾರೆ. ನಾನು ಕಾಗದದ ವಿಷಯ ಹೇಳಿದೆ, ಪಿಸುದನಿಯಲ್ಲೇ. ಅವರು ಇಡೀ ಬಾಂಕಡೊಗೆ ಕೇಳುವಂತೆ ಒಂದೇ ಮಾತು ಕೇಳಿದರು: “ಮಾಸ್ತರ್, ಚಿಠ್ಠಿ ಕ್ಯಾಂ ಛೆ?” ಚೀಟಿ ಎಲ್ಲಿದೆ?

ಅವರ ಲೋಕದಲ್ಲಿ ಎಲ್ಲವೂ ಚೀಟಿಯ ಮೇಲೆ ನಿಂತಿದೆ. ಅದಕ್ಕೆ ಜಾಂಗಡ್ ಎನ್ನುತ್ತಾರೆ. ವ್ಯಾಪಾರಿ ಕಾಗದದ ಪೊಟ್ಟಣದಲ್ಲಿ ವಜ್ರಗಳನ್ನು ಮಡಚಿ ದಲಾಲಿಯ ಕೈಗೆ ಕೊಡುತ್ತಾನೆ. ಜತೆಗೆ ಒಂದು ಚೀಟಿ: ಎಷ್ಟು ಕ್ಯಾರೆಟ್, ಏನು ದರ, ಯಾವ ತಾರೀಕು, ಪಡೆದವನ ಸಹಿ. ಮಾರಾಟವಾಗುವ ತನಕ ಮಾಲು ಕೊಟ್ಟವನದೇ. ಕೇಳಿದಾಗ ಮಾಲನ್ನಾಗಲಿ ಹಣವನ್ನಾಗಲಿ ತಂದು ಇಡಬೇಕು. ಮಹೀಧರಪುರದ ಬೀದಿಗಳಲ್ಲಿ ಸ್ಕೂಟರಿನ ಸೀಟಿನ ಮೇಲೆಯೇ ಪೊಟ್ಟಣ ಬಿಚ್ಚಿ ನೋಡುವ ಈ ವ್ಯವಹಾರ ಹೊರಗಿನವರ ಕಣ್ಣಿಗೆ ಬರೀ ನಂಬಿಕೆಯ ಆಟದಂತೆ ಕಾಣುತ್ತದೆ. ಕಾಕಾ ಅದನ್ನು ಒಪ್ಪುವುದಿಲ್ಲ. ನಂಬಿಕೆ ಇದ್ದವನೇ ಚೀಟಿ ಬರೆಯುತ್ತಾನೆ, ಚೀಟಿ ಬರೆಯದವನಿಗೆ ಆಮೇಲೆ ಕೇಳುವ ಹಕ್ಕಿಲ್ಲ ಎನ್ನುವುದು ಅವರ ವಾದ. 2023ರ ಡಿಸೆಂಬರಿನಲ್ಲಿ ಸೂರತ್ತಿನ ಖಜೋದಿನಲ್ಲಿ ಪ್ರಧಾನಿಯವರು ಡೈಮಂಡ್ ಬೂರ್ಸ್ ಎಂಬ ಬೃಹತ್ ವಜ್ರ ಮಾರುಕಟ್ಟೆಯನ್ನು ಉದ್ಘಾಟಿಸಿದ ಹೊತ್ತಿಗೇ ದಂಧೆ ಇಳಿಮುಖವಾಗಿತ್ತು. ಘಂಟಿಯ ಮುಂದಿನ ಎಷ್ಟೋ ರತ್ನಕಲಾಕಾರರಿಗೆ ಕೆಲಸದ ದಿನಗಳು ಕಡಿಮೆಯಾಗಿ, ಕಂತು ಕಟ್ಟಲಾಗದೆ, ವಸೂಲಿಯವರ ಮುಖ ಈ ಗಲ್ಲಿಗಳಿಗೆ ಹೊಸದಲ್ಲ. ಹಾಗಾಗಿಯೇ ಕಾಕಾ ದೊಡ್ಡ ದನಿಯಲ್ಲಿ ಕೇಳಿದ್ದು. ಬಾಂಕಡೊ ಮೇಲಿದ್ದ ಇನ್ನಿಬ್ಬರು ತಮ್ಮ ತಮ್ಮ ನೋಟೀಸಿನ ಕಥೆ ತೆಗೆದರು. ನನ್ನ ಹೆಂಡತಿ ಹೆದರಿದ್ದ ಮಂದಿಯೇ ಇವರು.

ಕತಾರ್‌ಗಾಮ್ ದರವಾಜೆಯ ಹತ್ತಿರ ಇಂಗ್ಲಿಷರ ಹಳೆಯ ಗೋರಿಗಳಿವೆ. ಕಾಕಾನ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಅತ್ತ ನಡೆದೆ. ಇತಿಹಾಸದ ಮಾಸ್ತರನಿಗೆ ಇದಕ್ಕಿಂತ ಒಳ್ಳೆಯ ಸಂಜೆಯ ತಿರುಗಾಟ ಇಲ್ಲ. ಅಲ್ಲಿ ಎಲ್ಲಕ್ಕೂ ಎತ್ತರದ್ದು ಆಕ್ಸೆಂಡನ್ ಸಹೋದರರ ಗೋರಿ. ತಮ್ಮನ ತಲೆಯ ಮೇಲೊಂದು, ಅಣ್ಣನ ತಲೆಯ ಮೇಲೊಂದು ಎಂಬಂತೆ ಗುಮ್ಮಟ, ಕಮಾನು, ಕಂಬಗಳ ಮೆರವಣಿಗೆ. ಕ್ರಿಸ್ಟೋಫರ್ 1659ರಲ್ಲಿ ತೀರಿಕೊಂಡ, ಜಾರ್ಜ್ 1669ರಲ್ಲಿ. 1664ರಲ್ಲಿ ಶಿವಾಜಿ ಸೂರತ್ತಿನ ಮೇಲೆ ಬಂದಾಗ ಇಂಗ್ಲಿಷರ ಕೋಠಿಯನ್ನು ಕಾದುಕೊಂಡವನು ಈ ಜಾರ್ಜ್. ಊರಿನ ದೊಡ್ಡ ಸಾಹುಕಾರ ವೀರಜಿ ವೋರಾನ ಮನೆ ಮಾತ್ರ ಆ ಸಲ ಲೂಟಿಯಾಯಿತು. ಆ ವೀರಜಿ ವೋರಾ ಇಂಗ್ಲಿಷ್ ಕಂಪನಿಗೇ ಸಾಲ ಕೊಡುತ್ತಿದ್ದವನು. 17ನೆಯ ಶತಮಾನದಲ್ಲಿ ಕಂಪನಿಯವರಿಗೆ ಸರಕು ಕೊಳ್ಳಲು ಕೈಯಲ್ಲಿ ಹಣವಿಲ್ಲದಾಗ ಅವನ ಗದ್ದುಗೆಯ ಮುಂದೆ ಹೋಗಿ ಕೂರಬೇಕಿತ್ತು. ಸಾಲಗಾರರ ಗೋರಿಗೆ ಈಗ ಪುರಾತತ್ವ ಇಲಾಖೆಯ ಕಾವಲಿದೆ. ಸಾಲ ಕೊಟ್ಟವನಿಗೆ ಇಂಥ ಗುಮ್ಮಟವನ್ನು ನಾನು ಈ ಊರಿನಲ್ಲಿ ಕಂಡಿಲ್ಲ.

ಆ ಗೋರಿಯ ನೆರಳಿನಲ್ಲಿ ಕೂತಾಗಲೇ ನಮ್ಮ ವಿಜ್ಞಾನೇಶ್ವರ ನೆನಪಾದ. ಚಾಲುಕ್ಯ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ಇಂದಿನ ಬಸವಕಲ್ಯಾಣದಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದವನು. ಗ್ರಂಥದ ಕೊನೆಯಲ್ಲಿ ಕಲ್ಯಾಣದಂಥ ಊರಿಲ್ಲ, ವಿಕ್ರಮನಂಥ ದೊರೆಯಿಲ್ಲ, ವಿಜ್ಞಾನೇಶ್ವರನಂಥ ಪಂಡಿತನಿಲ್ಲ ಎಂದು ತಾನೇ ಬರೆದುಕೊಂಡಿದ್ದಾನೆ. ಸಂಕೋಚದ ಮನುಷ್ಯನಲ್ಲ. ಆದರೆ ಸುಳ್ಳೂ ಅಲ್ಲ. ದೇಶದ ಬಹುಭಾಗದಲ್ಲಿ ಇಂಗ್ಲಿಷರ ಕೋರ್ಟುಗಳು ಕೂಡ ಹಿಂದೂಗಳ ಆಸ್ತಿಪಾಸ್ತಿಗೆ ಅವನ ಪುಸ್ತಕವನ್ನೇ ತೆರೆಯುತ್ತಿದ್ದವು. ಗುಜರಾತಿನಲ್ಲಿ ನೀಲಕಂಠಭಟ್ಟನ ವ್ಯವಹಾರಮಯೂಖಕ್ಕೆ ಒಂದು ಕೈ ಮೇಲು, ಅಷ್ಟೆ.

ಸಾಲದ ವಿಷಯದಲ್ಲಿ ಆ ಗ್ರಂಥ ಹೇಳುವುದನ್ನು ಕಾಕಾನಿಗೆ ಹೇಳಿದರೆ ಕುಣಿದಾಡಿಯಾರು. ಸಾಲಗಾರ ಕಂತು ಕಟ್ಟಿದಾಗಲೆಲ್ಲ ಪತ್ರದ ಬೆನ್ನ ಮೇಲೆ ಬರೆಯಬೇಕು, ಇಲ್ಲವೇ ಕೊಟ್ಟವನು ತನ್ನ ಕೈಬರಹದ ರಸೀದಿ ಕೊಡಬೇಕು. ತೀರಿದ ಮೇಲೆ ಪತ್ರ ಹರಿಯಬೇಕು. ಬಡ್ಡಿ ಅಸಲನ್ನು ಮೀರಬಾರದು ಎಂಬ ದಾಮದುಪ್ಪಟ್ಟಿನ ನಿಯಮವೂ ಧರ್ಮಶಾಸ್ತ್ರದ್ದೇ. ಹಳೆಯ ಮುಂಬಯಿ ಪ್ರಾಂತದ ಕೋರ್ಟುಗಳಲ್ಲಿ ಅದು ಬಹಳ ಕಾಲ ಬಾಳಿತು. ಆ ಲೆಕ್ಕಕ್ಕೆ 18,500 ಎಷ್ಟೇ ಮುದಿಯಾದರೂ 37,000 ದಾಟುವಂತಿಲ್ಲ. ನನ್ನನ್ನು ಹಿಗ್ಗಿಸಿದ್ದು ಇನ್ನೊಂದು ಮಾತು. ಕೊಡಬೇಕಾದವನು ಇಲ್ಲವೆಂದು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಆ ಹಣವನ್ನೂ ಕೊಟ್ಟು, ಅಷ್ಟನ್ನೇ ರಾಜನಿಗೆ ದಂಡವಾಗಿಯೂ ತೆರಬೇಕು. ಇಲ್ಲದ ಸಾಲವನ್ನು ಇದೆಯೆಂದು ವ್ಯಾಜ್ಯ ಹೂಡಿದವನು ತಾನು ಕೇಳಿದ ಮೊತ್ತದ ಎರಡರಷ್ಟನ್ನು ದಂಡ ತೆರಬೇಕು. ಸುಮಾರು ಒಂಬತ್ತು ನೂರು ವರ್ಷ ಕಳೆದ ಮೇಲೆ ಈ ಎರಡನೆಯ ಅರ್ಧ ಎಲ್ಲಿ ಕಳೆದುಹೋಯಿತು ಎಂದು ಕೇಳುವ ಹಕ್ಕು ನನಗಿದೆ ಎನಿಸುತ್ತದೆ. ಈಗ ಸುಳ್ಳು ಬೇಡಿಕೆಯ ಕಾಗದಕ್ಕೆ ತಗಲುವ ಖರ್ಚು ಟಪಾಲಿನದು ಮಾತ್ರ.

ಕಾಗದವನ್ನು ಹರಿದು ಬುಟ್ಟಿಗೆ ಹಾಕಬಹುದಿತ್ತು. ಮಗನ ಗೆಳೆಯ ವಕೀಲ ಬೇಡವೆಂದ. ನೋಟೀಸಿಗೂ ಕೋರ್ಟಿನ ಸಮನ್ಸಿಗೂ ಅಂತರ ಬಹಳ. ವಕೀಲರ ನೋಟೀಸಿಗೆ ಉತ್ತರಿಸದಿದ್ದರೆ ಆಕಾಶ ಬೀಳುವುದಿಲ್ಲ. ಆದರೆ ಮುಂದೆ ನಿಜವಾಗಿ ಸಮನ್ಸ್ ಬಂದು ಅದನ್ನೂ ಮೂಲೆಗಿಟ್ಟರೆ, ನಾವಿಲ್ಲದೆಯೇ ತೀರ್ಪು ಆಗಿಹೋಗುತ್ತದೆ. ಉತ್ತರ ಕೈಯಲ್ಲಿದ್ದರೆ ಆಗ ಕೆಲಸಕ್ಕೆ ಬರುತ್ತದೆ. ಅಮೆರಿಕದಲ್ಲಿ ಇದಕ್ಕೆ 1977ರಿಂದಲೇ ಒಂದು ಕಾಯಿದೆ ಇದೆ: ಮೂವತ್ತು ದಿನದೊಳಗೆ ‘ಈ ಸಾಲ ನನ್ನದಲ್ಲ’ ಎಂದು ಬರೆದುಕೊಟ್ಟರೆ, ಪುರಾವೆ ಕಳಿಸುವ ತನಕ ವಸೂಲಿಯವನು ಕೈಕಟ್ಟಿ ಕೂರಬೇಕು. ನಮ್ಮಲ್ಲಿ ಅಷ್ಟು ಅಚ್ಚುಕಟ್ಟಾದ ಒಂದೇ ಕಾನೂನಿಲ್ಲ. ಕರ್ನಾಟಕ 2025ರಲ್ಲಿ ಕಿರುಸಾಲದವರ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದು, ಹತ್ತು ವರ್ಷದ ತನಕ ಸೆರೆವಾಸ ಇಟ್ಟಿತು. ಅದು ಹಳ್ಳಿಯ ಹೆಣ್ಣುಮಕ್ಕಳ ಗೋಳಿಗೆ ಬಂದದ್ದು, ನನ್ನಂಥವನ ಪ್ರಕರಣಕ್ಕಲ್ಲ.

ಉತ್ತರದ ಕರಡು ನಾನೇ ಬರೆದೆ. ಮೊದಲು ಅದು ನಾಲ್ಕು ಪುಟ ಆಯಿತು. ಅದರಲ್ಲಿ ನನ್ನ ಸೇವಾವಧಿ, ಪ್ರಾಮಾಣಿಕತೆ, ಮನೆತನ, ವಿಜ್ಞಾನೇಶ್ವರ ಎಲ್ಲ ಬಂದಿದ್ದವು. ವಕೀಲ ಹುಡುಗ ಹೊಡೆದು ಹಾಕಿ ಉಳಿಸಿದ್ದು ಇಷ್ಟು: ಈ ಸಾಲವನ್ನು ನಾನು ಒಪ್ಪುವುದಿಲ್ಲ. ಸಾಲದ ಕರಾರುಪತ್ರ, ಆಗ ಪಡೆದ ಗುರುತಿನ ದಾಖಲೆ, ಹಣ ಯಾವ ಖಾತೆಗೆ ಹೋಯಿತು ಎಂಬ ವಿವರ, ಪೂರ್ತಿ ಲೆಕ್ಕದ ಪಟ್ಟಿ, ಸಾಲ ನಿಮಗೆ ವರ್ಗವಾದ ಪತ್ರ, ಇವುಗಳ ಪ್ರತಿ ಕಳಿಸಿ. ನೀವು ಬರೆದ ಪ್ಯಾನ್ ನನ್ನದಲ್ಲ. ಇನ್ನು ಮುಂದೆ ಬರಹದಲ್ಲೇ ವ್ಯವಹರಿಸಿ. ನನ್ನ ಪೂರ್ತಿ ಪ್ಯಾನ್, ಆಧಾರ್ ಯಾವುದನ್ನೂ ಕಳಿಸಬಾರದೆಂದೂ ಹೇಳಿದ. ಇಲ್ಲದ ಸಾಲಕ್ಕೆ ಇರುವ ದಾಖಲೆ ನಾವೇ ಒದಗಿಸಿದಂತಾಗುತ್ತದೆ. ‘ಒಂದು ವೇಳೆ ಬಾಕಿ ಇದ್ದರೆ ಕೊಡುತ್ತೇನೆ’ ಎಂಬ ನನ್ನ ಸೌಜನ್ಯದ ಸಾಲಿಗೆ ಅವನು ಎರಡು ಗೀಟು ಎಳೆದ. 1963ರ ಅವಧಿ ಕಾಯಿದೆಯ ಪ್ರಕಾರ ಇಂಥ ಸಾಲಕ್ಕೆ ದಾವೆ ಹೂಡಲು ಮೂರು ವರ್ಷ. ಆ ಮೂರು ವರ್ಷದೊಳಗೆ ಸಾಲಗಾರ ಸಹಿ ಮಾಡಿ ಒಪ್ಪಿಕೊಂಡರೆ ಲೆಕ್ಕ ಅಲ್ಲಿಂದ ಮತ್ತೆ ಶುರು. ಅವಧಿ ಮುಗಿದ ಮೇಲೂ ಕೊಡುತ್ತೇನೆಂದು ಬರೆದು ಸಹಿ ಹಾಕಿದರೆ, 1872ರ ಕರಾರು ಕಾಯಿದೆ ಅದನ್ನು ಹೊಸ ಕರಾರೆಂದೇ ಹಿಡಿಯುತ್ತದೆ. ಸತ್ತ ಸಾಲವನ್ನು ಬದುಕಿಸುವ ಸಂಜೀವಿನಿ ನಮ್ಮ ಸಭ್ಯತೆಯೇ.

ರಿಜಿಸ್ಟರ್ ಮಾಡೋಣವೆಂದು ಅಂಚೆ ಕಚೇರಿಗೆ ಹೋದರೆ, ರಿಜಿಸ್ಟರ್ಡ್ ಪೋಸ್ಟೇ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಲೀನವಾಗಿದೆ. ನಮ್ಮ ಬ್ಯಾಂಕಿನಂತೆಯೇ. ತಲುಪಿದ ಪುರಾವೆ ಬೇಕೆಂದು ಕೇಳಿ ಕಳಿಸಿದೆ.

ಉತ್ತರ ತಲುಪಿದ ಮೇಲೆ ಒಬ್ಬ ಹುಡುಗನ ಫೋನ್ ಬಂತು. ಹಿಂದಿ. ಬಹಳ ವಿನಯ. “ಅಂಕಲ್‌ಜೀ, ಇಷ್ಟೆಲ್ಲ ಬರೆಯುವುದೇಕೆ? ಐನೂರು ರೂಪಾಯಿ ಟೋಕನ್ ಹಾಕಿಬಿಡಿ, ಫೈಲು ಹೋಲ್ಡ್ ಮಾಡಿಸುತ್ತೇನೆ.” ಚಿಠ್ಠಿ ಎಲ್ಲಿದೆ ಎಂದು ಕೇಳಿದೆ. ಯಾವ ಚಿಠ್ಠಿ ಎಂದ. ಸಹಿ ಮಾಡಿದ್ದು ಎಂದೆ. ಸಿಸ್ಟಮ್ಮಿನಲ್ಲಿ ಹೆಸರಿದೆ ಅಂಕಲ್ ಎಂದ. ಸಿಸ್ಟಮ್ಮಿನ ಸಹಿ ಕಳಿಸಪ್ಪಾ ಎಂದೆ. ಆಮೇಲೆ ಅವನ ಊರು ಕೇಳಿದೆ, ಮಾಸ್ತರಿಕೆಯ ಚಾಳಿ. ಬಿಹಾರದ ಹುಡುಗ, ಬಿ.ಕಾಂ. ಆಗಿದೆ, ತಿಂಗಳಿಗೆ ಇಷ್ಟು ವಸೂಲಿ ಮಾಡಿದರೆ ಮಾತ್ರ ಪೂರ್ತಿ ಸಂಬಳವಂತೆ. ಗಡಿಯಾರ ನೋಡಿದೆ, ಸಂಜೆ ಆರೂವರೆ. ಬೆಳಿಗ್ಗೆ ಎಂಟರ ಮೊದಲು, ಸಂಜೆ ಏಳರ ನಂತರ ವಸೂಲಿಯವರು ಫೋನ್ ಮಾಡುವಂತಿಲ್ಲವೆಂದು ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿದೆ. ಹುಡುಗ ಅರ್ಧ ಗಂಟೆ ಉಳಿಸಿಕೊಂಡಿದ್ದ.

ಅಷ್ಟರಲ್ಲಿ ಮಗ ನನ್ನ ಹೆಸರಿನ ಕ್ರೆಡಿಟ್ ವರದಿ ತೆಗೆದಿದ್ದ. ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳು ನಮ್ಮ ಸಾಲದ ಜಾತಕ ಬರೆದಿಟ್ಟಿರುತ್ತವೆ. ವರ್ಷಕ್ಕೊಮ್ಮೆ ಪ್ರತಿಯೊಂದೂ ಪುಕ್ಕಟೆ ಕೊಡಬೇಕು. ತಪ್ಪಿದ್ದರೆ ದೂರು ಕೊಟ್ಟ 30 ದಿನದೊಳಗೆ ಬಗೆಹರಿಸಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ನನ್ನ ಜಾತಕದಲ್ಲಿ ಇದ್ದದ್ದು ಧಾರವಾಡದ ಮನೆ ಕಟ್ಟಿಸಿದ ಸಾಲ, ಅದೂ ಮುಗಿದದ್ದು. 2014ರ ಹದಿನೆಂಟೂವರೆ ಸಾವಿರ ನಾಲ್ಕರಲ್ಲೂ ಇಲ್ಲ. ಅದರ ಪ್ರತಿಯನ್ನು ನಮ್ಮ ಕಡತದಲ್ಲಿಟ್ಟು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡುವುದೆಂದು ಗೊತ್ತುಮಾಡಿದೆವು. ಅದಕ್ಕೆ ಫೀ ಇಲ್ಲ, ವಕೀಲರೂ ಬೇಕಿಲ್ಲ.

ಆ ತನಕ ಹೋಗಬೇಕಾಗಲಿಲ್ಲ. ಎರಡು ಸಾಲಿನ ಕಾಗದ ಬಂತು, ಈ ಸಲ ಕಪ್ಪಕ್ಷರದಲ್ಲಿ: ದಾಖಲೆ ಪರಿಶೀಲಿಸಲಾಗಿದೆ, ಸದರಿ ಖಾತೆ ತಮಗೆ ಸಂಬಂಧಿಸಿದ್ದಲ್ಲ. ಕ್ಷಮೆ ಕೇಳಿರಲಿಲ್ಲ. ಹೆಂಡತಿ ಅದನ್ನು ಪಾಸ್‌ಬುಕ್ಕಿನೊಳಗೆ ಇಟ್ಟು ಟ್ರಂಕು ಮುಚ್ಚಿದಳು. ಆಗಸ್ಟಿನ ಮೂರು ಸಾವಿರದ ಬಗ್ಗೆ ಇನ್ನೂ ಕೇಳುತ್ತಿದ್ದಾಳೆ.

ನನ್ನ ಕಡೆಯಿಂದ ಒಂದು ಲೆಕ್ಕ ಬಾಕಿ ಉಳಿದಿದೆ. ಮಿತಾಕ್ಷರೆಯ ನಿಯಮದಂತೆ ಸುಳ್ಳು ಬೇಡಿಕೆಗೆ ಎರಡರಷ್ಟು, ಅಂದರೆ 1,22,680 ರೂಪಾಯಿ. ವಿಜ್ಞಾನೇಶ್ವರ ಅದನ್ನು ನನಗೆ ಕೊಡಿಸುವುದಿಲ್ಲ, ದೊರೆಯ ಬೊಕ್ಕಸಕ್ಕೆ ಸೇರಿಸುತ್ತಾನೆ. ಹಾಗಾಗಿ ಸರ್ಕಾರದವರು ಬಂದು ವಸೂಲು ಮಾಡಿಕೊಳ್ಳಬಹುದು. ಆ ವಕೀಲರ ವಿಳಾಸ ಕೆಂಪಕ್ಷರದ ಕಾಗದದ ಮೇಲೆಯೇ ಅಚ್ಚಾಗಿದೆ. ಕೇಳಿದರೆ ಕೊಡುತ್ತೇನೆ.